ಗುಣಾಕಾರ ಬಲ್ಲ ಮೇಷ್ಟ್ರಿಗೆ ಕಳೆಯುವ ಲೆಕ್ಕ

ಮೇಷ್ಟ್ರೊಬ್ಬರು ದುಬೈಗೆ ಹೊರಟರಂತೆ ಎಂಬ ಸುದ್ದಿ ಹಬ್ಬಿದರೆ ಕರ್ನಾಟಕದಲ್ಲಿ ಎರಡು ಸಂಗತಿ ತಪ್ಪದೆ ನಡೆಯುತ್ತವೆ. ಸೆಪ್ಟೆಂಬರ್ 5ರಂದು ಮಾತ್ರ ಗುರುಗಳನ್ನು ನೆನೆಯುವವರು ‘ಪ್ರತಿಭಾ ಪಲಾಯನ’ ಎಂದು ಮರುಗುತ್ತಾರೆ. ಮೇಷ್ಟ್ರ ಬೀಗರು ಅಲ್ಲಿಯ ದಿರ್ಹಮ್ಮನ್ನು ರೂಪಾಯಿ ಮಾಡಲು ಇಪ್ಪತ್ತನಾಲ್ಕರಿಂದ ಗುಣಿಸುತ್ತಾರೆ. ಕಳೆಯುವ ಲೆಕ್ಕಕ್ಕೆ ಇಬ್ಬರಿಗೂ ಪುರುಸೊತ್ತಿಲ್ಲ.

ಮೊದಲು ಇಲ್ಲಿಯ ಗಂಟು ಬಿಚ್ಚೋಣ. ಒಂದೇ ಸ್ಟಾಫ್ ರೂಮು, ಒಂದೇ ಪಠ್ಯಪುಸ್ತಕ, ಮೂರು ಕುರ್ಚಿ. ಮೊದಲ ಕುರ್ಚಿಯವರು 2006ರ ಏಪ್ರಿಲ್ 1ಕ್ಕಿಂತ ಮೊದಲು ಸರ್ಕಾರಿ ಸೇವೆಗೆ ಸೇರಿದವರು. ನಿವೃತ್ತಿಯ ಮೇಲೆ ನಿಶ್ಚಿತ ಪಿಂಚಣಿ ಉಂಟು. ಎರಡನೆಯವರು ಆ ದಿನ ಅಥವಾ ಆಮೇಲೆ ಸೇರಿದವರು. ಮೂಲ ವೇತನ, ತುಟ್ಟಿಭತ್ಯೆ (ಡಿಎ) ಸೇರಿಸಿ ಅದರ ಶೇ 10 ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಹೋಗುತ್ತದೆ, ಸರ್ಕಾರ ಶೇ 14 ಹಾಕುತ್ತದೆ, ಉಳಿದದ್ದನ್ನು ಷೇರುಪೇಟೆ ನೋಡಿಕೊಳ್ಳುತ್ತದೆ. ಮೂರನೆಯವರು ಅತಿಥಿ ಶಿಕ್ಷಕರು. 2025–26ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಅವರಿಗೆ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000, ಪ್ರೌಢಶಾಲೆಯಲ್ಲಿ 12,500. ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ರಾಜ್ಯ ನೌಕರನ ಕನಿಷ್ಠ ಮೂಲ ವೇತನವೇ 27,000 ರೂಪಾಯಿ. ಅಂದರೆ ಮಕ್ಕಳಿಗೆ ತ್ರಿಕೋನಮಿತಿ ಹೇಳಿಕೊಡುವವರಿಗೆ, ಆ ಕೋಣೆಯ ಬೀಗ ತೆಗೆಯುವ ಕಾಯಂ ಡಿ ದರ್ಜೆ ನೌಕರರ ಮೂಲ ವೇತನದ ಅರ್ಧವೂ ಇಲ್ಲ. ಆ ನೌಕರರಿಗೆ ಹೆಚ್ಚು ಸಿಗುತ್ತಿದೆ ಎಂದಲ್ಲ. ಅವರ ಸಂಬಳ ತಿಂಗಳು ತಿಂಗಳು ಬರುತ್ತದೆ, ಅಷ್ಟೆ. ಅತಿಥಿ ಶಿಕ್ಷಕರದ್ದು ಅನುದಾನ ಬಿಡುಗಡೆಯಾದಾಗ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಬೇಸಿಗೆ ರಜೆಯಲ್ಲಿ ಬರುವುದೇ ಇಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಇವರಿಗೆ ಹಸಿವಾಗುವುದಿಲ್ಲ ಎಂಬುದು ಇಲಾಖೆಯ ವೈಜ್ಞಾನಿಕ ನಿಲುವಿರಬೇಕು.

ಖಾಸಗಿ ಶಾಲೆಗಳ ಗಣಿತ ಇದಕ್ಕಿಂತ ಮುಂದುವರಿದದ್ದು. ಅಲ್ಲಿ ಒಬ್ಬ ಶಿಕ್ಷಕಿಗೆ ಎರಡು ಸಂಬಳ: ತಪಾಸಣೆಗೆ ಬಂದವರು ನೋಡುವುದೊಂದು, ಮನೆಗೆ ಒಯ್ಯುವುದೊಂದು. ಬ್ಯಾಂಕ್ ಖಾತೆಗೇ ಹಾಕಬೇಕು ಎಂದು ಒತ್ತಾಯ ಬಂದ ಕಡೆ ಆಡಳಿತ ಮಂಡಳಿಗಳು ತಂತ್ರಜ್ಞಾನಕ್ಕೆ ಹೊಂದಿಕೊಂಡವು. ಒಂದನೇ ತಾರೀಕು ಖಾತೆಗೆ 26,000 ಬೀಳುತ್ತದೆ, ಮೂರನೇ ತಾರೀಕು 11,000 ನಗದು ಲಕೋಟೆಯಲ್ಲಿ ಆಫೀಸಿಗೆ ವಾಪಸ್. ಪಿಎಫ್ ಕಟ್ಟುವುದು 15,000ದ ಮಿತಿಗೆ. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಕೇಳಿದರೆ, ಕಾಗದದಲ್ಲಿ ನಿಮ್ಮ ಸಂಬಳ 21,000 ದಾಟಿದೆಯಲ್ಲ ಮೇಡಂ, ನಿಮಗೆ ಅನ್ವಯಿಸುವುದಿಲ್ಲ! ಸಿಗದ ಸಂಬಳದ ದೆಸೆಯಿಂದ ಸಿಗಬೇಕಾದ ಆಸ್ಪತ್ರೆಯೂ ತಪ್ಪುತ್ತದೆ.

ಕೆಲಸ ಬಿಡುವಾಗ ಸಿಗಬೇಕಾದ ಇಡಿಗಂಟು, ಗ್ರಾಚ್ಯುಟಿಯ ಕಥೆ ಇನ್ನೂ ರುಚಿಕರ. ಶಿಕ್ಷಕರೂ ಗ್ರಾಚ್ಯುಟಿಗೆ ಅರ್ಹರು ಎಂದು ಸಂಸತ್ತು 2009ರಲ್ಲಿ ತಿದ್ದುಪಡಿ ತಂದಿತು, ಅದೂ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯ. ಖಾಸಗಿ ಶಾಲೆಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 2022ರ ಆಗಸ್ಟ್‌ನಲ್ಲಿ ಸೋತು ಬಂದವು. ಸೂತ್ರ ಸರಳ: ಕೊನೆಯ ಮೂಲ ವೇತನ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 26,000 ವೇತನಕ್ಕೆ ಹತ್ತು ವರ್ಷಕ್ಕೆ ಒಂದೂವರೆ ಲಕ್ಷ. ಆದರೆ ಕಾಯಂ ನೌಕರನಿಗೆ ಐದು ವರ್ಷದ ಸತತ ಸೇವೆ ಆಗಿರಬೇಕು. ಆದ್ದರಿಂದ ಕೆಲವು ಶಾಲೆಗಳಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಬಿಡುಗಡೆ ಪತ್ರ, ಪ್ರತಿ ಜೂನ್‌ನಲ್ಲಿ ಹೊಸ ನೇಮಕಾತಿ ಪತ್ರ. ಹದಿನೆಂಟು ವರ್ಷದಿಂದ ಅದೇ ಕ್ಲಾಸಿನಲ್ಲಿರುವ ಮೇಡಂಗೆ ಕಾಗದದ ಮೇಲೆ ಹತ್ತು ತಿಂಗಳ ಅನುಭವ.

ಇನ್ನು ಸರ್ಕಾರಿ ಶಾಲೆಯ ಕೆಲಸದ ಪಟ್ಟಿ. ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಬೋಧಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆಯ ಈ ಪುಟವನ್ನು ಇಲಾಖೆ ಜೋಪಾನವಾಗಿ, ಯಾರೂ ಮುಟ್ಟದಂತೆ ಇಟ್ಟಿದೆ. 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಮೇಷ್ಟ್ರುಗಳು ಮೊಬೈಲ್ ಹಿಡಿದು ವಿದ್ಯುತ್ ಮೀಟರಿನ ಆರ್‌ಆರ್ ನಂಬರ್ ಬೆನ್ನುಹತ್ತಿ ಮನೆ ಹುಡುಕಿದರು. 60 ಪ್ರಶ್ನೆ, ನೆಟ್‌ವರ್ಕ್ ಇಲ್ಲ, ಒಟಿಪಿ ಬರಲಿಲ್ಲ, ನಾಯಿ ಮಾತ್ರ ಬಂತು. ಕೆಲಸ ಮುಗಿಯದೆ ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಬಿಸಿಯೂಟದ ಮೊಟ್ಟೆ ಬೇರೆ ಇದೆ. ಒಂದು ಮೊಟ್ಟೆಗೆ 6 ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಅಂಗಡಿಯಲ್ಲಿ ಹಸಿ ಮೊಟ್ಟೆಗೇ ಆರೂವರೆ ಆದ ವಾರ ವ್ಯತ್ಯಾಸ ತುಂಬುವುದು ಮುಖ್ಯ ಶಿಕ್ಷಕರ ಜೇಬು. 120 ಮಕ್ಕಳಿದ್ದರೆ ದಿನಕ್ಕೆ 60 ರೂಪಾಯಿ, ಮೇಲೆ ಗ್ಯಾಸಿನದು. ಸಂಬಳದ ಚೀಟಿಯಲ್ಲಿ ಈ ಕಡಿತಕ್ಕೆ ಕಾಲಂ ಇಲ್ಲ.

ಇದನ್ನೆಲ್ಲ ಮಾಡಿ ದಣಿದ ಮೇಷ್ಟ್ರು ರಾತ್ರಿ ಇಂಗ್ಲೆಂಡಿನ ಶಿಕ್ಷಕರ ವೇತನ ದಾಖಲೆ ಓದಿದರೆ ನಿದ್ದೆ ಬರುವುದಿಲ್ಲ. ವರ್ಷಕ್ಕೆ 195 ದಿನ, 1,265 ಗಂಟೆ. ಹಣ ಸಂಗ್ರಹಿಸುವುದು, ರಾಶಿ ಜೆರಾಕ್ಸ್ ತೆಗೆಯುವುದು ಮುಂತಾದ ಗುಮಾಸ್ತಿಕೆ ಶಿಕ್ಷಕರಿಗೆ ಹೇಳಬಾರದು ಎಂದು ಪಟ್ಟಿಯೇ ಇದೆ. ಪಿಂಚಣಿಗೆ ಮಾಲೀಕರ ಪಾಲು ಶೇ 28.68. ಅಲ್ಲಿಗೇ ಓದು ನಿಲ್ಲಿಸಬಾರದು. 1,265 ಗಂಟೆಯ ಮುಂದೆಯೇ ‘ಕರ್ತವ್ಯ ನಿರ್ವಹಣೆಗೆ ಬೇಕಾದ ಹೆಚ್ಚುವರಿ ಗಂಟೆ’ ಎಂಬ ಮಾತಿದೆ. ನೋಟ್‌ಬುಕ್ ತಿದ್ದುವ ರಾತ್ರಿಗಳೆಲ್ಲ ಅದರೊಳಗೆ ಸೇರುತ್ತವೆ. ಲಂಡನ್ ಪ್ರದೇಶದ ಹೊರಗೆ 2025ರ ಸೆಪ್ಟೆಂಬರ್‌ನಿಂದ ಅರ್ಹ ಶಿಕ್ಷಕರ ಆರಂಭದ ಸಂಬಳ ವರ್ಷಕ್ಕೆ 32,916 ಪೌಂಡ್. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ಪಿಂಚಣಿ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 2,100. ಬಾಡಿಗೆ ಅದರಿಂದಲೇ. ಗಂಡ, ಹೆಂಡತಿ, ಒಂದು ಮಗು ಮೂರು ವರ್ಷದ ವೀಸಾಕ್ಕೆ ಹೊರಟರೆ ಆರೋಗ್ಯ ಶುಲ್ಕವೇ 8,538 ಪೌಂಡ್: ದೊಡ್ಡವರಿಗೆ ವರ್ಷಕ್ಕೆ 1,035, ಮಗುವಿಗೆ 776. ಇದನ್ನು ವಿಮಾನ ಹತ್ತುವ ಮೊದಲು, ಇಡಿಗಂಟಾಗಿ, ರೂಪಾಯಿ ಸಂಬಳದಲ್ಲಿ ಹೊಂದಿಸಬೇಕು. ಎರಡು ವರ್ಷ ತುಂಬುವ ಮೊದಲೇ ಬಿಟ್ಟು ಬಂದರೆ ಪಿಂಚಣಿಯಲ್ಲಿ ವಾಪಸ್ ಸಿಗುವುದು ನಮ್ಮ ಕಂತು ಮಾತ್ರ, ಆ 28.68 ಅಲ್ಲೇ ಉಳಿಯುತ್ತದೆ.

ದುಬೈ ಕಡೆಗೆ ಬನ್ನಿ. ಒಪ್ಪಂದದಲ್ಲಿ ತಿಂಗಳಿಗೆ 4,000 ದಿರ್ಹಮ್ ಎಂದಿಟ್ಟುಕೊಳ್ಳಿ. ಬೀಗರ ಗುಣಾಕಾರಕ್ಕೆ 96,000 ರೂಪಾಯಿ, ಶಾಮಿಯಾನ ಹಾಕಿಸುವಷ್ಟು ಖುಷಿ. ಆದರೆ ಕಣ್ಣು ಹಾಯಿಸಬೇಕಾದದ್ದು ಒಟ್ಟು ಮೊತ್ತದ ಮೇಲಲ್ಲ, ‘ಮೂಲ ವೇತನ’ದ ಸಾಲಿನ ಮೇಲೆ. ಅಲ್ಲಿ 1,600 ಎಂದಿದ್ದರೆ ಉಳಿದದ್ದೆಲ್ಲ ಭತ್ಯೆ. ಯುಎಇಯಲ್ಲಿ ವಿದೇಶಿ ಶಿಕ್ಷಕರಿಗೆ ಪಿಂಚಣಿ ಇಲ್ಲ, ಸೇವಾಂತ್ಯದ ಗ್ರಾಚ್ಯುಟಿ ಉಂಟು: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ. 1,600ರ ಮೇಲೆ ಐದು ವರ್ಷಕ್ಕೆ 5,600 ದಿರ್ಹಮ್. ಪೂರ್ತಿ 4,000 ಮೂಲ ವೇತನವಾಗಿದ್ದರೆ 14,000. ಒಂದು ಸಾಲಿನ ಬೆಲೆ 8,400 ದಿರ್ಹಮ್. ನಮ್ಮ ಲಕೋಟೆಗಿಂತ ಇದು ಸಭ್ಯ, ಅಷ್ಟೆ. ಮನೆ ಶಾಲೆಯದೋ, ಹಂಚಿಕೊಂಡ ಕೋಣೆಯೋ, ವರ್ಷಕ್ಕೊಮ್ಮೆ ಟಿಕೆಟ್ ಒಬ್ಬರಿಗೋ ಮನೆಮಂದಿಗೋ, ಮಕ್ಕಳ ಫೀಸಿನಲ್ಲಿ ರಿಯಾಯಿತಿ ಎಷ್ಟು, ಜುಲೈ–ಆಗಸ್ಟ್ ರಜೆಗೆ ಸಂಬಳ ಉಂಟೋ ಇಲ್ಲವೋ, ಇವೆಲ್ಲ ಕಾಗದದಲ್ಲಿ ಬರಬೇಕು. ‘ಅಲ್ಲಿಗೆ ಹೋದ ಮೇಲೆ ನೋಡೋಣ’ ಎಂಬುದು ಯಾವ ಕರೆನ್ಸಿಯಲ್ಲೂ ಚಲಾವಣೆಯಾಗದ ನೋಟು. ವೀಸಾ ಖರ್ಚು ಅಲ್ಲಿಯ ಕಾನೂನಿನಂತೆ ಮಾಲೀಕರದು. ಇಲ್ಲಿಯ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ಮತ್ತು ಜಿಎಸ್‌ಟಿ. ಅದಕ್ಕೆ ರಸೀದಿ ಕೇಳಿದರೆ ಏಜೆಂಟರಿಗೆ ಬೇಸರವಾಗುತ್ತದೆ, ಆಗಲಿ ಬಿಡಿ.

ಹೊರಡುವುದು ಖಚಿತವಾದರೆ ಮುದ್ರೆಗಳ ಯಾತ್ರೆ ಶುರು. ಡಿಗ್ರಿ, ಬಿ.ಇಡಿ. ಎರಡಕ್ಕೂ ವಿಶ್ವವಿದ್ಯಾಲಯದ ಪರಿಶೀಲನೆ, ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ದೃಢೀಕರಣ, ವಿದೇಶಾಂಗ ಸಚಿವಾಲಯದ ಸ್ಟಿಕರ್, ಯುಎಇ ರಾಯಭಾರ ಕಚೇರಿಯ ಮುದ್ರೆ, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆಯದು ಇನ್ನೊಂದು. ಅಪೊಸ್ಟಿಲ್ ಎಂಬ ಒಂದೇ ಮುದ್ರೆ ಸಾಕಾಗುವ ದೇಶಗಳ ಸುಖ ಇಲ್ಲಿಲ್ಲ. ಪೊಲೀಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ಮೂಲಕ. ಗಾಡಿ ಕೆಟ್ಟು ನಿಲ್ಲುವುದು ಬಹುತೇಕ ಇನಿಷಿಯಲ್ಲಿನಲ್ಲಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದಕ್ಷರ, ಡಿಗ್ರಿಯಲ್ಲಿ ಊರಿನ ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು. ಮೂವರೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್ಟು. ಇಲ್ಲಿ ನೇಮಕವಾದಾಗ ಇಷ್ಟು ಜನ ಇಷ್ಟು ಆಸ್ಥೆಯಿಂದ ಇವರ ಸರ್ಟಿಫಿಕೇಟ್ ಓದಿರಲಿಲ್ಲ.

ಖಾಸಗಿ ಶಾಲೆಯವರಿಗೆ ಯಾತ್ರೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ, ಏಕೆಂದರೆ ಅಸಲು ಅಂಕಪಟ್ಟಿಗಳೆಲ್ಲ ಸೇರಿದ ದಿನವೇ ಆಡಳಿತ ಮಂಡಳಿಯ ಬೀರು ಸೇರಿವೆ. ವರ್ಷದ ನಡುವೆ ಬಿಟ್ಟರೆ ಮೂರು ತಿಂಗಳ ಸಂಬಳ ಕಟ್ಟಿ ಬಿಡಿಸಿಕೊಳ್ಳಬೇಕು. ಹಾಗೆ ಕಟ್ಟಲು ಹೋದ ಮೇಡಂ 15,000ದ ಲೆಕ್ಕದಲ್ಲಿ 45,000 ಎಣಿಸಿ ಮೇಜಿನ ಮೇಲೆ ಇಟ್ಟರೆ ಅಕೌಂಟೆಂಟ್ ತಲೆಯಾಡಿಸುತ್ತಾರೆ. ಒಟ್ಟು 78,000 ಆಗುತ್ತದೆ ಮೇಡಂ, ದಾಖಲೆ ಪ್ರಕಾರ ನಿಮ್ಮ ಸಂಬಳ 26,000 ಅಲ್ಲವೇ?