ಕಾರವಾರದಲ್ಲಿ ನಿಜ ಬೆಂಕಿಯ ಅಭ್ಯಾಸ: ಶಿಕ್ಷಕರ ಸಹಾಯಕರನ್ನು ಅಗ್ನಿಶಾಮಕ ಠಾಣೆಯಲ್ಲೇ ತಯಾರು ಮಾಡಬೇಕೇ?

ಪರ

ತರಬೇತಿಗೆಂದು ಕೋಣೆಯೊಳಗೆ ನಿಜವಾಗಿ ಬೆಂಕಿ ಹಚ್ಚಿ ಆರಿಸುವಾಗ ಶಿಕ್ಷಕನ ಜೊತೆ ನಿಲ್ಲುವ ಸಹಾಯಕನನ್ನು ಠಾಣೆಯವರಲ್ಲೇ ತಯಾರು ಮಾಡಬೇಕು. ಬೆಂಕಿ ಆರಿಸಲು ಬರುವವನಿಗೆ ಬೆಂಕಿ ಹಚ್ಚಲೂ ಬರುತ್ತದೆ ಎಂಬ ನಂಬಿಕೆಯೇ ಅಪಾಯದ ಮೂಲ. ಮಳೆಗಾಲ ಕಳೆದ ಮೇಲೂ ನಮ್ಮ ಕಡೆಯ ಬತ್ತದ ಹುಲ್ಲು ಒಳಗೊಳಗೇ ತೇವವಾಗಿರುತ್ತದೆ. ಕಡ್ಡಿ ಗೀರಿದರೆ ಬರೀ ಹೊಗೆ. ಆಗ ಕೈ ತಾನಾಗಿ ಚಿಮಣಿ ಎಣ್ಣೆಯ ಡಬ್ಬಿಯತ್ತ ಹೋಗುತ್ತದೆ. ಬಿಸಿ ಹುಲ್ಲಿನ ಮೇಲೆ ಸುರಿದ ಎಣ್ಣೆ ಮೊದಲು ಆವಿಯಾಗಿ ಕೋಣೆ ತುಂಬುತ್ತದೆ, ಎರಡನೇ ಕಡ್ಡಿಗೆ ಭಗ್ಗೆಂದು ಎಲ್ಲವೂ ಒಮ್ಮೆಗೇ ಹತ್ತುತ್ತದೆ. ಅಭ್ಯಾಸಕ್ಕೆ ಇಷ್ಟೇ ಸಾಕು: ಒಣಹುಲ್ಲು, ಸರಕು ಇಡುವ ಬಣ್ಣವಿಲ್ಲದ ಮರದ ಪ್ಯಾಲೆಟ್, ಒಂದೇ ರಾಶಿ. ಎಣ್ಣೆ, ಪ್ಲಾಸ್ಟಿಕ್, ಫೋಮ್ ಹಾಸಿಗೆ ಬೇಡವೇ ಬೇಡ. ಹಚ್ಚುವವನ ಪಕ್ಕದಲ್ಲಿ ನೀರು ತುಂಬಿದ ಹೋಸ್ ಹಿಡಿದ ಇನ್ನೊಬ್ಬ ಇರಲೇಬೇಕು.

ಅಮೆರಿಕದ ಎನ್‌ಎಫ್‌ಪಿಎ ಎಂಬ ಅಗ್ನಿ ಸುರಕ್ಷಾ ಸಂಘ ಇಂಥ ಅಭ್ಯಾಸಕ್ಕೆಂದು ಮಾಡಿದ 1403 ನಿಯಮ 1986ರಲ್ಲಿ ಬಂತು. ಐವರು ಕಲಿಯುವವರಿಗೆ ಒಬ್ಬ ಶಿಕ್ಷಕ, ದಾಳಿಗೊಂದು ಬೆಂಬಲಕ್ಕೊಂದು ಹೋಸ್, ಪ್ರತಿಯೊಂದಕ್ಕೂ ನಿಮಿಷಕ್ಕೆ ಸುಮಾರು 360 ಲೀಟರ್ ನೀರು. ಎರಡೂ ಓಡಿದರೆ 4500 ಲೀಟರಿನ ಜಲವಾಹನ ಆರು ನಿಮಿಷದಲ್ಲಿ ಖಾಲಿ. ಈ ಲೆಕ್ಕ ಬಾಯಲ್ಲಿರುವ ಸಹಾಯಕನಿದ್ದರೆ ಎರಡನೇ ನೀರಿನ ಮೂಲ ಸಿದ್ಧವಾಗುವವರೆಗೆ ಕಡ್ಡಿ ಗೀರಲು ಬಿಡುವುದಿಲ್ಲ. ಸಮುದ್ರದ ನೀರು ಎತ್ತಿದ್ದರೆ ಪಂಪನ್ನು ಸಿಹಿನೀರಿನಲ್ಲಿ ತೊಳೆಯಬೇಕೆಂದೂ ಅವನಿಗೆ ಗೊತ್ತಿರುತ್ತದೆ.

2001ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇರ್ಡ್ಸ್‌ವಿಲ್‌ನಲ್ಲಿ, ಗಾಯಾಳುವಿನ ಪಾತ್ರ ಕೊಟ್ಟು ಒಳಗೆ ಇರಿಸಿದ್ದ ಹೊಸ ಸ್ವಯಂಸೇವಕ ಅಭ್ಯಾಸದಲ್ಲೇ ಸತ್ತ. ಮನುಷ್ಯರನ್ನು ಹಾಗೆ ಇಡಕೂಡದೆಂದು ಆಗಲೇ ಆ ನಿಯಮದ ಪುಸ್ತಕದಲ್ಲಿತ್ತು. ಪುಸ್ತಕದ್ದು ಅಂಗಳಕ್ಕೆ ಬಂದಿರಲಿಲ್ಲ, ಅಷ್ಟೇ.

ವಿರೋಧ

ಮೇಲಿನದೆಲ್ಲ ಸರಿ. ಆದರೆ ಅಷ್ಟನ್ನು ಕೆಲವು ದಿನಗಳಲ್ಲಿ ಕಲಿಸಬಹುದು, ಬೆಂಕಿಯನ್ನು ಓದುವುದನ್ನು ಕಲಿಸಲಾಗದು. ಹೊಗೆಯ ಪದರ ಮಂಡಿಯವರೆಗೆ ಇಳಿದಾಗ ಅರ್ಧ ಕಲಿತವನು ಗಾಬರಿಯಾಗಿ ಬ್ರಾಂಚನ್ನು, ಅಂದರೆ ಹೋಸಿನ ತುದಿಯ ನಳಿಕೆಯನ್ನು, ಪೂರ್ತಿ ತೆರೆಯುತ್ತಾನೆ. ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತದೆ. ಮೇಲಿದ್ದ ಬಿಸಿ ಕೆಳಗೆ ಕುಳಿತವರ ಮೇಲೆ ಬರುತ್ತದೆ, ಬೆವರಿನಿಂದ ತೊಯ್ದ ಕೋಟಿನೊಳಗೂ ಸುಡುತ್ತದೆ.

ಇಲ್ಲಿನ ಸೆಕೆಯನ್ನು ಮರೆಯಬೇಡಿ. ಏಪ್ರಿಲಿನಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ, ಕೋಟು ಬಿಚ್ಚಿದರೂ ಮೈ ತಣಿಯುವುದಿಲ್ಲ. ಕಲಿಯುವವನು ದಿನಕ್ಕೆ ಒಂದೆರಡು ಸಲ ಒಳಹೋದರೆ, ಸಹಾಯಕ ಪ್ರತಿ ತಂಡದ ಜೊತೆಗೂ ಹೋಗುತ್ತಾನೆ. ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್ ತರುವ ಕೆಲಸವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ವರ್ಗೀಕರಿಸಿದೆ. ಮಸಿ ಮೆತ್ತಿದ ಅದೇ ಕೋಟನ್ನು ತೊಳೆಯದೆ ಮರುದಿನ ತೊಡುವ ಠಾಣೆಗಳಲ್ಲಿ ಈ ಹೊರೆ ಯಾರ ಮೇಲೆ?

ಇನ್ನು, ಠಾಣೆಯ ಜನರನ್ನು ಅಂಗಳದಲ್ಲಿ ನಿಲ್ಲಿಸಿದ ಹೊತ್ತಿಗೇ ಹೆದ್ದಾರಿ 66ರಲ್ಲಿ ಟ್ಯಾಂಕರ್ ಮಗುಚಿದರೆ? ಅಭ್ಯಾಸಕ್ಕೆ ಸುಡಲು ಹಳೆಯ ಚಿರೆಕಲ್ಲಿನ ಮನೆ ಸಿಕ್ಕಿತೆಂದು ಖುಷಿಪಡುವವರೂ ಇದ್ದಾರೆ. ಮಾಡು ಹೊತ್ತ ಪಕಾಸಿ ಬೆಂದರೆ ಹಂಚು ತಲೆಯ ಮೇಲೇ ಬೀಳುತ್ತದೆ.

ಇಲ್ಲಿ ಹೊಗೆಯಂತ್ರ, ಕಣ್ಣುಕಟ್ಟಿದ ಹುಡುಕಾಟ, ಉಸಿರಾಟಕ್ಕೆ ಬೆನ್ನ ಮೇಲೆ ಗಾಳಿ ಹೊರುವ ಬಿಎ ಸೆಟ್‌ನ ಗಾಳಿಯ ಲೆಕ್ಕ ನಡೆಯಲಿ. ನಿಜ ಬೆಂಕಿಗೆ, ಅದೇ ಕಸುಬಾಗಿರುವ ತಂಡವೊಂದು ವರ್ಷಕ್ಕೊಮ್ಮೆ ಕರಾವಳಿಗೆ ಬಂದು ಹೋಗಲಿ.