ಅವ್ರು ಭಾರ ಎತ್ತೋರು ಕಣಕ್ಕ

ಇವತ್ತು ಬೆಳಗ್ಗೆ ನಮ್ಮ ಚಿಕ್ಕಪ್ಪನ ಮಗಳನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ದಿನ. ಯಾವ ಊರು ಅಂತ ಕೇಳಬೇಡಿ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯದ್ದೇ. ಬೆಂಚಿನ ಮೇಲೆ 14 ಜನ ಹೆಂಗಸರು, ಎಲ್ಲರೂ ಖಾಲಿ ಹೊಟ್ಟೆಯಲ್ಲಿ. ಗಂಡಸರೂ ಬಂದಿದ್ದರು. ಹೊರಗೆ ಹೊಂಗೆ ಮರದ ಕೆಳಗೆ, ಬೈಕ್ ಮೇಲೆ ಕೂತು ರೀಲ್ಸ್ ನೋಡುತ್ತಿದ್ದರು. ಆಪರೇಷನ್ ಮಾಡಿಸಿಕೊಳ್ಳಲು ಬಂದ ಗಂಡಸು ಒಬ್ಬನೂ ಇಲ್ಲ.

"ನಿನ್ನ ಗಂಡನೇ ಮಾಡಿಸಿಕೊಳ್ಳಬಹುದಿತ್ತಲ್ಲೇ?" ಅಂದೆ.

"ಅಯ್ಯೋ, ಅವ್ರು ಭಾರ ಎತ್ತೋರು ಕಣಕ್ಕ."

ಭಾರವಂತೆ! ಅವನು ಟೊಮೆಟೊ ಟೆಂಪೊ ಓಡಿಸುತ್ತಾನೆ. ಕ್ರೇಟ್ ಎತ್ತುವವರು ಮಂಡಿಯ ಹಮಾಲರು. ಇವಳಿಗೆ ಎರಡು ಸೀಮೆ ಹಸು, ಒಂದು ರೇಷ್ಮೆ ಹುಳದ ಮನೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳ ಎಷ್ಟು ಸೊಪ್ಪು ತಿನ್ನುತ್ತದೆ ಅಂತ ಶಿಡ್ಲಘಟ್ಟ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆ ಹೊರೆ ಬರುವುದು ಇವಳ ತಲೆ ಮೇಲೆ. ಡೇರಿಗೆ ಹಾಲಿನ ಕ್ಯಾನ್ ಹೊರುವವಳೂ ಇವಳೇ. ಆದರೂ ಭಾರ ಎತ್ತೋರು ಅವ್ರು.

ಗಂಡಸರ ಆಪರೇಷನ್‌ನಲ್ಲಿ ಹೊಟ್ಟೆ ತೆರೆಯುವ ಮಾತೇ ಇಲ್ಲ. ಎನ್‌ಎಸ್‌ವಿ ಅಂತಾರೆ, ಅಂದರೆ ಚಾಕು ಹಾಕದೆ ಮಾಡುವ ಗಂಡಸರ ಆಪರೇಷನ್. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಒಂದು ಸಣ್ಣ ತೂತು, ಹೊಲಿಗೆಯೂ ಇಲ್ಲ. ಹದಿನೈದು ಇಪ್ಪತ್ತು ನಿಮಿಷ, ಅವತ್ತೇ ಮನೆಗೆ. ಎರಡು ದಿನ ಬಿಟ್ಟು ಹಗುರ ಕೆಲಸ ಮಾಡಬಹುದು, ವಾರ ಕಳೆದರೆ ಸೈಕಲ್ಲೂ ತುಳಿಯಬಹುದು. ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ಒಂದು ವೀರ್ಯ ಪರೀಕ್ಷೆ. ಶಕ್ತಿ, ಆಸೆ, ಮೀಸೆ ಎಲ್ಲ ಇದ್ದ ಹಾಗೇ ಇರುತ್ತದೆ. ಸರ್ಕಾರ ಹೆಂಗಸರಿಗಿಂತ ಜಾಸ್ತಿ ದುಡ್ಡನ್ನೂ ಕೊಡುತ್ತದೆ. ಹೆಂಗಸರದ್ದಾದರೆ ಹೊಟ್ಟೆಯೊಳಗೆ ಹೋಗಿ ನಾಳ ಹುಡುಕಿ ಕಟ್ಟಬೇಕು. ಯಾವುದು ಸುಲಭ ಅಂತ ಮಗುವೂ ಹೇಳುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಶೇ. 57.4 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಅನ್ನುವ ಸಾಲಿನಲ್ಲಿ ಇರೋದು 0.0. ಎಷ್ಟು ಚೆನ್ನಾಗಿದೆ ಅಲ್ವಾ? ಬಿಂದು ಹಾಕಿ ಹುಡುಕಿದರೂ ಸಿಗಲಿಲ್ಲ ನಮ್ಮ ಗಂಡಸರು. ಇದೇ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಇಡೀ ದೇಶಕ್ಕೆ ಕುಟುಂಬ ಯೋಜನೆ ಬಂದದ್ದು 1952ರಲ್ಲಿ. ಅಷ್ಟು ಮುಂದಿದ್ದವರು ನಾವು!

ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಎಳೆದುಕೊಂಡು ಹೋಗಿ ಮಾಡಿದ್ದರು, ಆ ಭಯ ಇನ್ನೂ ಹೋಗಿಲ್ಲ ಅಂತ ಯಾರಾದರೂ ಕೆಳಗೆ ಬರೆದೇ ಬರೆಯುತ್ತೀರಿ. ಸರಿ, 1976ರಲ್ಲಿ ಆದದ್ದು ಅನ್ಯಾಯವೇ. ಆದರೆ ಹೊಂಗೆ ಮರದ ಕೆಳಗಿದ್ದವರು ಯಾರೂ ಆಗ ಹುಟ್ಟಿಯೇ ಇರಲಿಲ್ಲ. ಸಿಸೇರಿಯನ್ ಜೊತೆಗೇ ಮಾಡಿ ಮುಗಿಸುತ್ತಾರಲ್ಲ ಅನ್ನುವವರಿಗೆ: ಇವಳಿಗೆ ಎರಡೂ ನಾರ್ಮಲ್ ಹೆರಿಗೆ, ಚಿಕ್ಕದಕ್ಕೆ ಮೂರು ವರ್ಷ. ಹೊಟ್ಟೆಗೆ ಇವತ್ತೇ ಮೊದಲ ಸಲ ಕತ್ತರಿ ಬಿದ್ದಿದ್ದು.

ಕೌಂಟರ್‌ನಲ್ಲಿ ಇನ್ನೊಂದು ತಮಾಷೆ. "ಗಂಡನ ಸೈನ್ ಎಲ್ಲಮ್ಮ?" ಅಂದರು. ನಿಯಮದ ಪ್ರಕಾರ ಅವಳ ಒಪ್ಪಿಗೆ ಸಾಕು, ಗಂಡನದ್ದು ಬೇಕಿಲ್ಲ. ಹೇಳಿದೆ. ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದರು, ಅಷ್ಟೇ. ಕೊನೆಗೆ ಅವನೇ ಒಳಗೆ ಬಂದು ಸೈನ್ ಹಾಕಿ ಹೋದ. ಇವತ್ತು ಅವನು ಎತ್ತಿದ ಭಾರ ಅಂದರೆ ಆ ಪೆನ್ನು.

ಇಷ್ಟೆಲ್ಲ ಕೂಗಾಡುವ ನಾನೇನು ಕಡಿಮೆಯಾ? ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯವರು ತಾವಾಗಿಯೇ ಕೇಳಿದ್ದರು, "ನಾನೇ ಮಾಡಿಸಿಕೊಳ್ಳಲಾ?" ಅಂತ. "ಸುಮ್ನಿರ್ರೀ, ನಿಮ್ಮಮ್ಮ ನನ್ನನ್ನ ಬಿಡ್ತಾರಾ?" ಅಂದು ನಾನೇ ಹೋಗಿ ಮಲಗಿದೆ. ಪಾಪ, ಅತ್ತೆಯನ್ನು ಯಾರೂ ಕೇಳಿಯೇ ಇರಲಿಲ್ಲ. ಇದ್ದ ಹೆದರಿಕೆಯೇ ಬೇರೆ. ಯಾವ ಆಪರೇಷನ್ ಆದರೂ ಅಪರೂಪಕ್ಕೆ ಫೇಲ್ ಆಗುತ್ತದೆ. ಹೆಂಗಸಿನದ್ದು ಫೇಲ್ ಆದರೆ ಡಾಕ್ಟರ್ ಸರಿಯಾಗಿ ಮಾಡಿಲ್ಲ ಅಂತಾರೆ. ಗಂಡಸಿನದ್ದು ಫೇಲ್ ಆಗಿ ಹೆಂಡತಿ ಬಸುರಾದರೆ ಊರು ಏನನ್ನುತ್ತದೆ? ಹೇಳಿ ನೋಡೋಣ. ಆ ಮಾತಿಗೆ ಹೆದರಿ ನಾನು ಹೊಟ್ಟೆ ಕೊಯ್ಸಿಕೊಂಡೆ. ಗಂಡನಿಗೂ ಈ ಕಾರಣ ಹೇಳಿಲ್ಲ. ಇದನ್ನು ಓದಿದಾಗ ಗೊತ್ತಾಗಲಿ.

ನಮ್ಮ ಆಶಾ ಅಕ್ಕನಿಗೂ ಇದೇ ಗೋಳು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್ ಪಾಕ್ಷಿಕ ಬರುತ್ತದೆ. "ಗಂಡಸ್ರ ಹತ್ರ ನಾನು ಹೋಗಿ ಹೆಂಗೆ ಹೇಳ್ಲಿ? ಹೆಂಡ್ತಿಗೆ ಹೇಳ್ತೀನಿ. ಅವ್ಳೇ ಬೇಡ ಅಂತಾಳೆ" ಅಂದಳು. ನನ್ನನ್ನೇ ನೋಡಿಕೊಂಡು ಹೇಳಿದಳಾ ಅಂತ ಅನುಮಾನ.

ಸಂಜೆ ಚಿಕ್ಕಪ್ಪನ ಮಗಳನ್ನು ಮನೆಗೆ ಬಿಟ್ಟು ಬಂದೆ. ಈಗ ಫೋನ್ ಮಾಡಿದೆ. ಹಿಂದೆ ಹಸು ಕೂಗುವುದು ಕೇಳಿಸಿತು.

"ಹಾಲು ಯಾರೇ ಕರೆದಿದ್ದು?"

"ಅತ್ತೆ ಕರೆದ್ರು ಅಕ್ಕ."

"ಅವನು?"

"ಅವ್ರಿಗೆ ಹಸು ಒದೆಯುತ್ತೆ."