ಗಡಂಗಿನ ಮಡಕೆಗೆ ತೂತು ಕೊರೆದವರಿಗೆ

ನಿನ್ನೆ ಸಂಜೆ ಗೆಳೆಯರ ಒತ್ತಾಯಕ್ಕೆ ಮಂಗಳೂರಿನ ಹೊಸ ಪಬ್ಬೊಂದಕ್ಕೆ ಹೋಗಿದ್ದೆ. ಗೋಡೆಯ ತುಂಬ ಪರದೇಶದ ಹಳೆಯ ಪಬ್ಬುಗಳ ಕಪ್ಪು-ಬಿಳುಪು ಚಿತ್ರಗಳು, ಪೀಪಾಯಿಗಳು, ಅಲ್ಲಿನ ಇಸವಿಗಳು. ತಲೆ ಎತ್ತಿದರೆ ಮಣ್ಣಿನ ಮಡಕೆಗಳ ಬುಡಕ್ಕೆ ತೂತು ಕೊರೆದು ಬಲ್ಬು ಇಳಿಬಿಟ್ಟಿದ್ದಾರೆ. ಕೊರಳಿಗೆ ಹಗ್ಗ ಸುತ್ತಿದ ಮಡಕೆ, ಕಳ್ಳಿನ ಮಡಕೆ! ಇದೇನೆಂದು ಬಡಿಸುವ ಹುಡುಗನನ್ನು ಕೇಳಿದೆ. "ಅಲಂಕಾರಕ್ಕೆ" ಎಂದ. ಅವನ ತಪ್ಪಲ್ಲ. ಆದರೆ ಆಮೇಲೆ ನನಗೆ ಊಟ ಸೇರಲಿಲ್ಲ.

ನಮ್ಮೂರಿನ ಹಳೆಯ ಪಬ್ಬು ಎಂದರೆ ಗಡಂಗು, ಕಳ್ಳಿನ ಅಂಗಡಿ. ಅದನ್ನು ಹೇಳಿಕೊಳ್ಳಲು ನಮಗೇಕೆ ಇಷ್ಟು ಸಂಕೋಚ? ಮಂಗಳೂರು, ಪಬ್ಬು ಎಂದೊಡನೆ ಹೊರಗಿನವರಿಗೆ 2009ರ ಜನವರಿ 24 ಒಂದೇ ನೆನಪು. ಅಂದು ಇಲ್ಲಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆಯಿತು. ವಿಚಾರಣೆ ಎದುರಿಸಿದವರು 2018ರಲ್ಲಿ ಖುಲಾಸೆಯಾದರು. ಆ ಅವಮಾನ ಇಂದಿಗೂ ನನ್ನನ್ನು ಸುಡುತ್ತದೆ. ಆದರೆ ಅಂದಿನಿಂದ ಕಿವಿಗೆ ಬೀಳುತ್ತಿರುವ 'ಒಟ್ಟಿಗೆ ಕುಳಿತು ಕುಡಿಯುವುದು ಹೊರಗಿನಿಂದ ಬಂದದ್ದು' ಎಂಬ ಮಾತನ್ನು ಹಲ್ಲೆ ಖಂಡಿಸಿದವರೂ ಒಪ್ಪಿಕೊಂಡುಬಿಟ್ಟರಲ್ಲ!

ಬಂದರಿನ ಹಿಂದಿನ ಓಣಿಯ ಗಡಂಗು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಂಚಿನ ಮಾಡು, ಕೂತು ಕೂತು ನುಣುಪಾದ ಉದ್ದ ಬೆಂಚು, ಬಾಳೆಲೆ ತುಂಡಿನ ಮೇಲೆ ಹುರಿದ ಬೂತಾಯಿ ಮೀನು. ಮೀನಿನ ಬುಟ್ಟಿ ಹೊತ್ತು ದಣಿದವರು, ಹಂಚಿನ ಕಾರ್ಖಾನೆಯ ಕೆಂಪು ಧೂಳು ಮೆತ್ತಿಕೊಂಡವರು ಒಂದೇ ಬೆಂಚಿನಲ್ಲಿ. ಕ್ರಿಸ್‌ಮಸ್ ಹತ್ತಿರವಾದಾಗ ಕ್ರೈಸ್ತರ ಮನೆಯ ಮಕ್ಕಳು ತೂಕುಪಾತ್ರೆ ಹಿಡಿದು ಬರುತ್ತಿದ್ದರು. ಇಡ್ಲಿಯಂಥ ಸನ್ನಾಸ್‌ನ ಹಿಟ್ಟು ಉಬ್ಬಲು ಕಳ್ಳೇ ಆಗಬೇಕಿತ್ತು.

ಅಲ್ಲಿಗೆ ಕಳ್ಳು ಕೊಡುತ್ತಿದ್ದ ಮೂರ್ತೆದಾರರಲ್ಲಿ, ಅಂದರೆ ಮರದಿಂದ ಕಳ್ಳು ಇಳಿಸುವವರಲ್ಲಿ, ನನ್ನ ಅಜ್ಜನೂ ಒಬ್ಬ. ದಿನಕ್ಕೆ ಎರಡು ಹೊತ್ತು ಮರ ಹತ್ತಿ, ಹೊಂಬಾಳೆಯನ್ನು ಮೆಲ್ಲಗೆ ಬಡಿದು, ತುದಿಯನ್ನು ತೆಳ್ಳಗೆ ಸವರಿ, ಮಡಕೆ ಸಿಕ್ಕಿಸಿ ಇಳಿಯುತ್ತಿದ್ದ. ಒಳಗೆ ಸುಣ್ಣ ಬಳಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ, ಬೆಲ್ಲಕ್ಕಾಗುತ್ತದೆ. ಬಳಿಯದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿಯೇರುತ್ತದೆ. ಅವನ ಎದೆಯೂ ಪಾದಗಳೂ ಮರದ ತೊಗಟೆಯಂತೆ ದಡ್ಡುಗಟ್ಟಿದ್ದವು. 1948ರಲ್ಲಿ ಮದ್ರಾಸ್ ಸರ್ಕಾರ ಪಾನನಿಷೇಧವನ್ನು ಪ್ರಾಂತ್ಯದ ಉದ್ದಗಲಕ್ಕೂ ಹಬ್ಬಿಸಿದಾಗ ನಮ್ಮ ಜಿಲ್ಲೆಯೂ ಅದರೊಳಗೇ ಇತ್ತು. ತಂದೆಯಿಂದ ಕಲಿತ ಕಸುಬು ಅವನ ಪಾಲಿಗೆ ಅಪರಾಧವಾಯಿತು.

ಇನ್ನೊಂದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ಅಜ್ಜನ ಕಸುಬು ಕೇಳಿದಾಗ ನಾನು "ಬೇಸಾಯ" ಎಂದೆ. ನನ್ನನ್ನು ಕರೆದೊಯ್ಯಲು ಬಂದ ಅಜ್ಜ ಬಾಗಿಲಲ್ಲೇ ನಿಂತಿದ್ದ.

ಕುಡಿತ ಎಷ್ಟು ಮನೆ ಮುರಿದಿಲ್ಲ, ಅದನ್ನು ಹಾಡಿಹೊಗಳುವುದೇಕೆ ಎಂದು ನೀವು ಕೇಳುತ್ತೀರಿ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಸಮಾಜ ಸುಧಾರಕ ನಾರಾಯಣ ಗುರುಗಳೇ ಮದ್ಯವನ್ನು ತಯಾರಿಸಬಾರದು, ಕೊಡಬಾರದು, ಕುಡಿಯಬಾರದು ಎಂದಿದ್ದರು. ಆ ಮಾತಿಗೆ ತಲೆಬಾಗುತ್ತೇನೆ, ನಾನು ಕುಡಿಯುವುದೂ ಇಲ್ಲ. ಆದರೆ ಮರ ಹತ್ತಿದವನನ್ನು ಮರೆತುಬಿಡಿ ಎಂದು ಗುರುಗಳು ಹೇಳಲಿಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ನಿಷೇಧವಾದ ಸಾರಾಯಿಯ ಪಾಪವನ್ನು ಕಳ್ಳಿನ ತಲೆಗೆ ಕಟ್ಟಬೇಡಿ. ತುಳುನಾಡಿನ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಜೊತೆ ಕಳ್ಳು ಇಟ್ಟು ಕೈಮುಗಿಯುತ್ತೇವೆ. ಆ ಕಳ್ಳು ಇಳಿಸಿದವನನ್ನು ನೆನೆಯಲು ನಾಚುತ್ತೇವೆ. ಇದು ಯಾವ ನ್ಯಾಯ?

ಗಡಂಗು ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಅಜ್ಜನ ಮಡಕೆಯೊಂದು ನಮ್ಮ ಅಟ್ಟದಲ್ಲಿದೆ. ಇಂದು ಬೆಳಿಗ್ಗೆ ಇಳಿಸಿ ಒರೆಸಿದೆ. ಒಳಗೆ ಕೈಯಾಡಿಸಿದರೆ ಸುಣ್ಣ ಇನ್ನೂ ಬೆರಳಿಗೆ ಹತ್ತುತ್ತದೆ. ಆ ಪಬ್ಬಿನವರು ಕೇಳಿದರೆ ಅದರ ಚಿತ್ರ ತೆಗೆದು ನಾನೇ ಕೊಡುತ್ತೇನೆ. ಪರದೇಶದ ಪೀಪಾಯಿಗಳ ಪಕ್ಕದಲ್ಲೇ ತೂಗುಹಾಕಲಿ. ಕೆಳಗೆ 'ಮೂರ್ತೆದಾರನ ಮಡಕೆ, ಮಂಗಳೂರು' ಎಂದು ಕನ್ನಡದಲ್ಲಿ ಬರೆಯಲಿ.